ಎಂಟು ಕಚ್ಚಿನ ಸೀಸೆ

"ಏಳು ದಿವ್ಯಾ. ಮೇಡಂ ಬಂದಿದ್ದಾರೆ ನೋಡು," ಎಂದು ತಂಗಮ್ಮ ಮಗುವಿನ ಕೆನ್ನೆ ತಟ್ಟಿದಳು.

ಮಗು ಕಣ್ಣು ಬಿಟ್ಟಿತು. ನನ್ನನ್ನು ನೋಡಿ ನಗಬೇಕು ಅಂತ ಅದಕ್ಕೂ ಇತ್ತು. ತುಟಿ ಅರಳುವಷ್ಟರಲ್ಲಿ ರೆಪ್ಪೆಗಳು ಮತ್ತೆ ಮುಚ್ಚಿಕೊಂಡವು.

ಬೆಳಿಗ್ಗೆ ಹತ್ತೂವರೆ ಗಂಟೆ. ಹೊರಗೆ ಕಣದಲ್ಲಿ ಹೆಂಗಸರು ಹಣ್ಣಿನ ಸಿಪ್ಪೆ ತೆಗೆದು ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಯನ್ನು ತಿರುವುತ್ತಿದ್ದರು. ಬಾಳೂರು ಸುತ್ತಿನ ಎಸ್ಟೇಟುಗಳಲ್ಲಿ ಬೆಳೆಯುವ ಯಾವ ಆರು ವರ್ಷದ ಮಗುವೂ ಡಿಸೆಂಬರ್ ತಿಂಗಳ ಆ ಹೊತ್ತಿನಲ್ಲಿ ಮನೆಯೊಳಗೆ ಇರುವುದಿಲ್ಲ. ಕಣದ ಮೇಲೆ ಓಡಾಡಿ ಮೇಸ್ತ್ರಿಯಿಂದ ಬೈಸಿಕೊಳ್ಳುತ್ತಿರುತ್ತದೆ. ನಾನೂ ಹಾಗೆ ಬೈಸಿಕೊಂಡವಳೇ. ಇದೇ ಹೊನ್ನೆಕಾಡು ಎಸ್ಟೇಟಿನ ಲೆಕ್ಕಪತ್ರ ನೋಡುತ್ತಿದ್ದ ರೈಟರ್ ಸುಬ್ಬಣ್ಣನವರ ಮಗಳು ನಾನು, ಸರ್ವಮಂಗಳಾ. ಹದಿನಾರು ವರ್ಷ ಈ ಕಣದ ಅಂಚಿನಲ್ಲೇ ಬೆಳೆದೆ.

ಆವತ್ತು ಮಾತ್ರ ನಾನು ಬಂದಿದ್ದು ಬೈಯಲಿಕ್ಕೆ.

ಇದು ಸಾವಿರದ ಒಂಬೈನೂರ ತೊಂಬತ್ತೇಳರ ಮಾತು. ಚಿಕ್ಕಮಗಳೂರಿನಲ್ಲಿ 'ಮಡಿಲು' ಅಂತ ಒಂದು ಟ್ರಸ್ಟ್ ಇತ್ತು. ತಂದೆ ತಾಯಿ ಇಲ್ಲದ ಮಕ್ಕಳನ್ನು ಆಶ್ರಮದಲ್ಲಿ ತುಂಬುವ ಬದಲು ಒಳ್ಳೆಯ ಮನೆ ನೋಡಿ ಸಾಕಲು ಕೊಡುತ್ತಿತ್ತು. ಆ ಮನೆಗಳಿಗೆ ಸಾಕುಮನೆ ಎಂದು ಹೆಸರು. ಅಲ್ಲಿಂದ ಮಕ್ಕಳ ಊಟ, ಶಾಲೆ, ಔಷಧಿ ಯಾವುದರ ಮೇಲೆ ದೂರು ಬಂದರೂ ವಿಚಾರಿಸಿ ವರದಿ ಬರೆಯುವುದು ನನ್ನ ಕೆಲಸ. ನಮ್ಮ ಕಾರ್ಯದರ್ಶಿ ತಮ್ಮಯ್ಯನವರು ನನ್ನನ್ನು 'ಪತ್ತೇದಾರಮ್ಮ' ಎಂದು ಕರೆಯುತ್ತಿದ್ದರು. ತಮಾಷೆಗೆ ಅಂದರೂ ನನಗೆ ಆ ಹೆಸರಿನ ಮೇಲೆ ಒಳಗೊಳಗೇ ಜಂಭ. ಆ ವಾರ ಬಂದಿದ್ದು ನಾಲ್ಕು ದೂರು. ಅಂಗನವಾಡಿಗೆ ಮಗು ಬರುತ್ತಿಲ್ಲ, ಚಪ್ಪಲಿ ಕೊಡಿಸಿಲ್ಲ, ಇಂಥವೇ ಮೂರನ್ನು ಮೇಜಿನ ಮುಂದೆ ಕೂತೇ ಮುಗಿಸಿ ಬಿಟ್ಟಿದ್ದೆ. ಎಸ್ಟೇಟಿನಲ್ಲಿ ಬೆಳೆದವಳಿಗೆ ಎಸ್ಟೇಟಿನ ಸಂಗತಿ ಯಾರಾದರೂ ಹೇಳಿಕೊಡಬೇಕೆ?

ಇದೊಂದು ಹಾಗೆ ಮುಗಿಯುವಂಥದ್ದಾಗಿರಲಿಲ್ಲ. ಎಸ್ಟೇಟಿನ ಶಿಶುವಿಹಾರದ ಆಯಾ ಮುದ್ದಮ್ಮ, ಶಾಲೆಯ ಮೇಷ್ಟರ ಕೈಯಲ್ಲಿ ಬರೆಸಿ, ಹೆಬ್ಬೆಟ್ಟು ಒತ್ತಿ ಕಳಿಸಿದ್ದಳು. 'ಏಳನೇ ಲೈನ್ ಮನೆ ತಂಗಮ್ಮ ಸಾಕು ಮಗುವಿಗೆ ಔಷಧಿ ಕೊಡಿಸುವುದಿಲ್ಲ. ಮಗು ಹಗಲೆಲ್ಲ ಬಿದ್ದುಕೊಂಡಿರುತ್ತದೆ. ಎದ್ದು ನಡೆದರೆ ಬೀಳುತ್ತದೆ. ಬೇಗ ಬನ್ನಿ.' ಲೈನ್ ಅಂದರೆ ಕೂಲಿಯವರಿಗೆ ಎಸ್ಟೇಟು ಕಟ್ಟಿಸಿಕೊಟ್ಟ ಸಾಲುಮನೆ.

ತಮ್ಮಯ್ಯನವರು ದಿವ್ಯಾಳ ಆರೋಗ್ಯ ಕಾರ್ಡು ತರಿಸಿ ನೋಡಿದರು. ಎರಡು ವರ್ಷದ ಹಿಂದೆ ಮೂಡಿಗೆರೆಯ ಡಾಕ್ಟರು 'ಫಿಟ್ಸ್, ಔಷಧಿ ನಿಲ್ಲಿಸಬಾರದು' ಎಂದು ಬರೆದಿದ್ದು ಬಿಟ್ಟರೆ ಮುಂದೆ ಒಂದು ಸಹಿಯಿಲ್ಲ. ಇಪ್ಪತ್ತೆರಡು ತಿಂಗಳು ಖಾಲಿ.

"ಇನ್ನೇನು ವಿಚಾರಣೆ ಮೇಡಂ? ಒಂದು ಗಂಟೆಗೆ ಜೀಪು ತರ್ತೀನಿ. ಮಗುವಿನ ಬಟ್ಟೆ ಗಂಟು ಕಟ್ಟಿಸಿಡಿ," ಎಂದಿದ್ದರು ಅವರು.

ಹೀಗೆ ಒಮ್ಮೆ ಆಶ್ರಮಕ್ಕೆ ವಾಪಸು ಹೋದ ಮಗು ಮತ್ತೆ ಅದೇ ಮನೆಗೆ ಬಂದಿದ್ದನ್ನು ನಾನು ನೋಡಿಲ್ಲ.

"ಎಷ್ಟು ದಿನದಿಂದ ಹೀಗೆ?" ತಂಗಮ್ಮನನ್ನು ಕೇಳಿದೆ.

"ಒಂದು ವಾರದ ಮೇಲಾಯ್ತು ಮೇಡಂ. ಚಳಿಗೆ ಅಂದ್ಕೊಂಡೆ."

"ಔಷಧಿ ಯಾಕೆ ಕೊಡ್ತಿಲ್ಲ?"

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಹಣ್ಣು ಕೊಯ್ದು ಕೊಯ್ದು ಕಪ್ಪಾದ ಬೆರಳುಗಳಿಂದ ಮಗುವಿನ ಕೂದಲು ಹಿಂದೆ ಸರಿಸುತ್ತಾ ಹೇಳಿದಳು. "ಕೊಡ್ತೀನಲ್ಲ. ಬೆಳಿಗ್ಗೆ ಒಂದು ಕಚ್ಚು, ಸಂಜೆ ಒಂದು ಕಚ್ಚು. ಒಂದು ದಿನ ತಪ್ಪಿಸಿಲ್ಲ, ದೇವ್ರಾಣೆ."

"ಎಲ್ಲಿಂದ ತಂದ ಔಷಧಿ?"

ಅವಳ ಕಣ್ಣು ಬಾಗಿಲ ಕಡೆ ಹೋಯಿತು.

ಬಾಗಿಲಲ್ಲಿ ಅವಳ ಹೆತ್ತ ಮಗಳು ರೇವತಿ ನಿಂತಿದ್ದಳು. ಹದಿಮೂರು ವರ್ಷ. ಉದ್ದ ಕಾಲು, ಎಣ್ಣೆ ಹಾಕಿ ಬಿಗಿದ ಎರಡು ಜಡೆ.

ನಾನು ಬರುವ ದಾರಿಯಲ್ಲೇ ಎಸ್ಟೇಟ್ ಡಿಸ್ಪೆನ್ಸರಿ ಹೊಕ್ಕು ರಿಜಿಸ್ಟರ್ ತಿರುವಿ ಬಂದಿದ್ದೆ. ಕಂಪೌಂಡರ್ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ಆ ಕಾಲದಲ್ಲಿ ಬಾಗಿಲು ಹಾಕಿಕೊಳ್ಳುವ ಅಭ್ಯಾಸ ಯಾರಿಗೂ ಇರಲಿಲ್ಲ. ಎರಡು ವರ್ಷದ ರಿಜಿಸ್ಟರಿನಲ್ಲಿ ದಿವ್ಯಾಳ ಹೆಸರು ಒಂದು ಕಡೆಯೂ ಇಲ್ಲ. ಆದರೆ ಹನ್ನೆರಡು ದಿನಕ್ಕೊಮ್ಮೆ, ಈಚೆಗೆ ಇನ್ನೂ ಬೇಗ ಬೇಗ, ತಪ್ಪದೆ ಇನ್ನೊಂದು ಹೆಸರಿತ್ತು. ರೇವತಿ, ಹದಿಮೂರು ವರ್ಷ, ಏಳನೇ ಲೈನ್, ಫಿಟ್ಸ್ ಮಿಕ್ಸ್ಚರ್.

ಆಗ ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಹೆತ್ತ ಮಗಳಿಗೆ ತಪ್ಪದೆ ಔಷಧಿ, ಸಾಕಿದ ಮಗಳಿಗೆ ಚಾಪೆ. ವರದಿಯ ಮೊದಲ ಸಾಲನ್ನು ದಾರಿಯಲ್ಲೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಅಪ್ಪ ಹೇಳುತ್ತಿದ್ದರು. ಆ ಮಾತು ನನಗೆ ನೆನಪಾಗಿದ್ದು ರೇವತಿಯ ತಲೆಯ ಮೇಲೆ, ಗೋಡೆಗೆ ಅನ್ನದ ಅಗುಳಿನಲ್ಲಿ ಅಂಟಿಸಿದ್ದ ಒಂದು ಕಾಗದ ಕಂಡಾಗ. ಕಳಸದ ಹೋಬಳಿ ಮಟ್ಟದ ಕ್ರೀಡಾಕೂಟ. ನಾನೂರು ಮೀಟರ್ ಓಟ. ಪ್ರಥಮ. ಹೋದ ವರ್ಷದ್ದು.

"ಇದು ನಿಂದಾ?"

"ಹೌದು ಮೇಡಂ."

"ಫಿಟ್ಸ್ ಬರೋರು ಹೀಗೆ ಓಡ್ತಾರಾ?"

ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡಿದಳು.

"ಈ ವರ್ಷ ನನ್ನ ಓಡೋಕೆ ಬಿಡಲಿಲ್ಲ," ರೇವತಿ ಮೆಲ್ಲಗೆ ಹೇಳಿದಳು. "ನಂಗೆ ಫಿಟ್ಸ್ ಬರ್ತದಂತೆ ಅಂತ ಯಾರೋ ಪಿ.ಟಿ. ಮೇಷ್ಟ್ರಿಗೆ ಹೇಳಿದ್ರು. ಅವರು ಕರೆದು ಕೇಳಿದ್ರು, ಹೌದಾ ಅಂತ."

"ನೀನು ಏನಂದೆ?"

"ಹೌದು ಅಂದೆ."

ನನ್ನ ವರದಿಯ ಮೊದಲ ಸಾಲು ಅಲ್ಲಿಗೆ ಅಳಿಸಿ ಹೋಯಿತು.

ಆಮೇಲೆ ತಂಗಮ್ಮನ ಬಾಯಿ ಬಿಡಿಸುವುದು ಕಷ್ಟವಾಗಲಿಲ್ಲ. ಎಸ್ಟೇಟಿನ ಫ್ಯಾಮಿಲಿ ಕಾರ್ಡಿನಲ್ಲಿ ಹೆತ್ತ ಮಕ್ಕಳ ಹೆಸರು ಮಾತ್ರ. ಸಾಕು ಮಗುವಿಗೆ ಡಿಸ್ಪೆನ್ಸರಿಯ ಔಷಧಿ ಇಲ್ಲ. ಅದಕ್ಕೆ ಟ್ರಸ್ಟಿನ ಕಾರ್ಡು ಹಿಡಿದು ಮೂಡಿಗೆರೆಗೆ ಹೋಗಬೇಕು. ಹೋಗಿದ್ದಳು, ಒಂದು ಸಲ. ವಾಪಸು ಬರುವಾಗ ಬಸ್ಸಿನಲ್ಲಿ, ಘಾಟಿಯ ತಿರುವಿನಲ್ಲಿ ಮಗುವಿಗೆ ಫಿಟ್ಸ್ ಬಂತು. ಜನ ಸೀಟು ಬಿಟ್ಟು ಎದ್ದು ನಿಂತರು. ಕಂಡಕ್ಟರ್ ನಡುದಾರಿಯಲ್ಲಿ ಇಳಿಸಿದ.

"ಆವತ್ತು ಮಗು ಎತ್ಕೊಂಡು ಬಾಳೂರಿನ ತನಕ ನಡ್ದೆ ಮೇಡಂ. ಇನ್ನು ಬಸ್ ಹತ್ತಿಸಲ್ಲ ಅಂತ ಆಣೆ ಹಾಕ್ಕೊಂಡೆ. ರೇವತಿ ಹೆಸರು ಹೇಳಿ ಇಲ್ಲೇ ತಂದೆ. ಹೆಸರು ತಾನೇ. ಹೆಸರು ಸವೀತದಾ?"

ನಾನು ರೇವತಿಯನ್ನು ನೋಡಿದೆ. ಅವಳು ಗೋಡೆಯ ಕಾಗದ ನೋಡುತ್ತಿದ್ದಳು.

ಅಲ್ಲಿಗೆ ದೂರಿನ ಅರ್ಧ ಬಿದ್ದು ಹೋಯಿತು. ಮಗುವಿಗೆ ಔಷಧಿ ಇಲ್ಲ ಎಂಬುದು ಸುಳ್ಳು. ಹಾಗಾದರೆ ಮಗು ಯಾಕೆ ಏಳುತ್ತಿಲ್ಲ?

"ಸೀಸೆ ಕೊಡು ನೋಡುವ."

ಮೂಲೆಯ ಗೂಡಿನಿಂದ ತಂಗಮ್ಮ ಸೀಸೆ ತಂದುಕೊಟ್ಟಳು. ತಳದಲ್ಲಿ ಇನ್ನೊಂದು ಎರಡು ಸಲಕ್ಕಾಗುವಷ್ಟು ಕಂದು ಔಷಧಿ. ಪಕ್ಕದಲ್ಲಿ, ಮೇಲಿಂದ ಕೆಳಗೆ ಅಂಟಿಸಿದ ಬಿಳಿ ಕಾಗದದ ಪಟ್ಟಿ. ಪಟ್ಟಿಯ ಅಂಚಿನಲ್ಲಿ ಕತ್ತರಿಯಿಂದ ಹಾಕಿದ ಕಚ್ಚುಗಳು.

ಅದನ್ನು ಕೈಯಲ್ಲಿ ಹಿಡಿದ ಕೂಡಲೇ ನಾನು ಮತ್ತೆ ಏಳು ವರ್ಷದವಳಾದೆ.

ಇವತ್ತಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಈಗ ಎಲ್ಲ ಔಷಧಿಗೂ ಪ್ಲಾಸ್ಟಿಕ್ ಮುಚ್ಚಳ, ಅದರಲ್ಲೇ ಅಳತೆಯ ಗೆರೆ. ನಮ್ಮ ಕಾಲದಲ್ಲಿ ಮನೆಯಿಂದ ಸೀಸೆ ತೊಳೆದುಕೊಂಡು ಹೋಗಬೇಕಿತ್ತು. ಕಂಪೌಂಡರು ಮಿಕ್ಸ್ಚರ್ ತುಂಬಿ, ಹಳೇ ಕ್ಯಾಲೆಂಡರಿನ ಕಾಗದ ಉದ್ದಕ್ಕೆ ಕತ್ತರಿಸಿ, ಮಡಚಿ ಮಡಚಿ, ಕತ್ತರಿಯಲ್ಲಿ ಕಚ್ಚು ಹಾಕಿ, ಗೋಂದು ಬಳಿದು ಅಂಟಿಸುವರು. ಒಂದು ಹೊತ್ತಿಗೆ ಒಂದು ಕಚ್ಚು ಇಳಿಯುವಷ್ಟು ಔಷಧಿ. ಓದು ಬರಹ ಬೇಡ. ದೊಡ್ಡವರಿಗೆ ಅಗಲ ಕಚ್ಚು, ಮಕ್ಕಳಿಗೆ ಒತ್ತೊತ್ತಾದ ಸಣ್ಣ ಕಚ್ಚು. ಕತ್ತರಿಸಿ ಬಿದ್ದ ಕಾಗದದ ಚೂರುಗಳನ್ನು ನಾವು ಮಕ್ಕಳು ಆರಿಸಿ, ದಾರಕ್ಕೆ ಪೋಣಿಸಿ ಮಾಲೆ ಮಾಡಿಕೊಳ್ಳುತ್ತಿದ್ದೆವು. ಜ್ವರ ಬಿಟ್ಟ ಹುಡುಗಿಗೆ ಆ ಮಾಲೆ ಹಾಕಿ ಮೆರವಣಿಗೆ. ನಾನು ಎಷ್ಟೋ ಸಲ ಮೆರವಣಿಗೆ ಮಾಡಿಸಿಕೊಂಡಿದ್ದೇನೆ. ಈಗ ಅದನ್ನೆಲ್ಲ ನೆನೆದರೆ ಆ ಕಾಯಿಲೆಗಳೂ ಬೇಕೆನಿಸುತ್ತವೆ.

ಕಚ್ಚು ಎಣಿಸಿದೆ. ಎಂಟು.

ಮತ್ತೆ ಎಣಿಸಿದೆ. ಎಂಟೇ. ಒಂದೊಂದೂ ನನ್ನ ಹೆಬ್ಬೆರಳಿನಗಲ.

"ತಂಗಮ್ಮ, ಇದಕ್ಕೆ ಮುಂಚಿನ ಸೀಸೆ ಇದೆಯಾ?"

"ಇದೆ. ಅದ್ರಲ್ಲಿ ಎಣ್ಣೆ ಹಾಕಿದೀನಿ."

ತೆಂಗಿನೆಣ್ಣೆ ಹಾಕಿದ್ದ ಹಳೆಯ ಸೀಸೆಯನ್ನು ರೇವತಿ ತಂದಳು. ಅದೇ ಗಾತ್ರ, ಅದೇ ಕತ್ತು. ಎಣ್ಣೆ ಕುಡಿದು ಹಳದಿಯಾದ ಪಟ್ಟಿ ಇನ್ನೂ ಅಂಟಿಕೊಂಡಿತ್ತು. ಕಚ್ಚು ಇಪ್ಪತ್ತನಾಲ್ಕು.

"ಈಗಿನ ಬಾಟ್ಲಿ ಬೇಗ ಮುಗೀತದೆ," ತಂಗಮ್ಮ ಹೇಳಿದಳು. "ಮುಂಚೆ ಹನ್ನೆರಡು ದಿನ ಬರ್ತಿತ್ತು, ಈಗ ನಾಲ್ಕೇ ದಿನ. ಮುಗಿದ ಕೂಡ್ಲೇ ಬಾ ಅಂದ್ರು ಆ ಹೊಸ ನರ್ಸಮ್ಮ. ಇದು ಮೂರನೇದು. ಪಾಪ, ಧಾರಾಳ ಕೈ ಅವರದ್ದು."

"ಹೊಸ ನರ್ಸಮ್ಮ?"

"ಕಂಪೌಂಡ್ರು ರಜೆ ಹೋಗಿದ್ರಲ್ಲ. ನಿನ್ನೆ ವಾಪಸ್ ಬಂದ್ರು."

ನಾನು ಎರಡೂ ಸೀಸೆ ಬ್ಯಾಗಿಗೆ ಹಾಕಿಕೊಂಡೆ. "ಮಗುವಿಗೆ ಇನ್ನೊಂದು ಹನಿ ಕೊಡಬೇಡ, ನಾನು ಬಂದು ಹೇಳುವ ತನಕ. ಅಲುಗಾಡಿಸಿ ಎಬ್ಬಿಸಿ ಮಾತಾಡಿಸ್ತಾ ಇರಿ, ಇಬ್ಬರೂ."

"ನಾನೇನು ತಪ್ಪು ಮಾಡ್ದೆ ಮೇಡಂ?" ತಂಗಮ್ಮ ನನ್ನ ಹಿಂದೆ ಅಂಗಳದ ತನಕ ಬಂದಳು. "ಮಧ್ಯಾಹ್ನ ಜೀಪು ಬರ್ತದಂತೆ. ಅವಳನ್ನ ಕಳಿಸಬೇಡಿ. ರಾತ್ರಿ ನನ್ನ ಸೆರಗಿನ ಗಂಟು ಹಿಡೀದೆ ಮಲಗಲ್ಲ ಅದು."

ನಾನು ಬ್ಯಾಗು ಹೆಗಲಿಗೇರಿಸಿ ಬಿರಬಿರನೆ ನಡೆದೆ.

ಲೈನಿನಿಂದ ಡಿಸ್ಪೆನ್ಸರಿಗೆ ಸಿಲ್ವರ್ ಓಕ್ ಸಾಲಿನ ಕೆಳಗೆ ಹತ್ತು ನಿಮಿಷದ ದಾರಿ. ಆ ದಾರಿಯಲ್ಲಿ ನಾನು ಅಪ್ಪನ ಹೆಗಲ ಮೇಲೆ ಹೋಗಿದ್ದೇನೆ, ದಡಾರ ಎದ್ದಾಗ ಕಂಬಳಿಯಲ್ಲಿ ಸುತ್ತಿಸಿಕೊಂಡು ಹೋಗಿದ್ದೇನೆ. ಮಸ್ಟರಿಗೆ, ಅಂದರೆ ಆಳುಗಳ ಹಾಜರಿಗೆ, ಹೊಡೆಯುವ ರೈಲು ಕಂಬಿಯ ತುಂಡು ಆಫೀಸಿನ ಮುಂದೆ ಇನ್ನೂ ನೇತಾಡುತ್ತಿತ್ತು. ಅಪ್ಪ ಬೆಳಿಗ್ಗೆ ಆರೂವರೆಗೆ ಅದಕ್ಕೆ ಬಾರಿಸುವ ಸದ್ದಿಗೆ ನಾನು ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದ್ದೆ. ಅಪ್ಪ ಹೋಗಿ ಎಂಟು ವರ್ಷವಾಗಿತ್ತು. ಕಂಬಿಯ ಪಕ್ಕ ಹಾದಾಗ ಸುಮ್ಮನೆ ಒಮ್ಮೆ ಅದನ್ನು ಮುಟ್ಟಿದೆ.

ಡಿಸ್ಪೆನ್ಸರಿಯ ಕಿಟಕಿಯಲ್ಲಿ ಬಸವರಾಜು ಕೂತಿದ್ದರು. ಮೂವತ್ತೆಂಟು ವರ್ಷದಿಂದ ಹೊನ್ನೆಕಾಡಿನ ಕಂಪೌಂಡರು. ನಮಗೆಲ್ಲ ಕಂಪೌಂಡರ್ ಮಾಮ. ಎಡಗಣ್ಣಿಗೆ ಹಸಿರು ಬಟ್ಟೆ ಕಟ್ಟಿತ್ತು.

"ಬನ್ನಿ ಮೇಡಂ," ಎಂದು ಎದ್ದು ನಿಂತರು.

ಅದು ನನಗೆ ಚುಚ್ಚಿತು. ಇವರ ತೊಡೆಯ ಮೇಲೆ ಕೂತು ಕಹಿ ಔಷಧಿ ನುಂಗಿದವಳು ನಾನು. ಆದರೆ ನಾನೂ ಆವತ್ತು ಮೇಡಂ ಆಗಿಯೇ ಬಂದಿದ್ದೆ.

"ಕಣ್ಣಿಗೆ ಎಂಥಾಯ್ತು?"

"ಪೊರೆ ತೆಗೆಸಿದೆ, ಮಂಗಳೂರಲ್ಲಿ. ಹತ್ತು ದಿನಕ್ಕೆ ವಾಪಸ್ ಅಂದಿದ್ರು. ಕೀವಾಗಿ ಇಪ್ಪತ್ತೆರಡು ದಿನ ಹಿಡೀತು."

ನಾನು ಬ್ಯಾಗಿನಿಂದ ಹಳೆಯ ಸೀಸೆ ತೆಗೆದು ಮೇಜಿನ ಮೇಲಿಟ್ಟೆ.

"ಇದು ಯಾರ ಸೀಸೆ?"

ಅವರು ಒಂದು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಏಳನೇ ಲೈನ್ ರೇವತೀದು."

"ರೇವತಿಗೆ ಎಷ್ಟು ವರ್ಷ?"

"ಹದಿಮೂರು. ರಿಜಿಸ್ಟರಲ್ಲಿ ಇದೆಯಲ್ಲ."

"ಹದಿಮೂರು ವರ್ಷದವಳಿಗೆ ನೀವು ಇಪ್ಪತ್ತನಾಲ್ಕು ಕಚ್ಚು ಹಾಕ್ತೀರಾ?"

ಅವರ ಕೈ ಸೀಸೆಯ ಮೇಲೆ ನಿಂತಿತು.

"ನನಗೆ ಏಳು ವರ್ಷ ಇದ್ದಾಗ ಇದೇ ಸೀಸೆಗೆ ಇಪ್ಪತ್ತು ಹಾಕ್ತಿದ್ರಿ. ನನ್ನ ತಮ್ಮ ಸಣ್ಣವನು, ಅವನಿಗೆ ಇಪ್ಪತ್ತನಾಲ್ಕು. ನನಗೆ ಕಡಿಮೆ ಕಚ್ಚು ಯಾಕೆ ಅಂತ ನಾನು ಅತ್ತಿದ್ದಕ್ಕೆ ನೀವು ನಕ್ಕಿದ್ರಿ. ರಿಜಿಸ್ಟರಿನಲ್ಲಿ ಹದಿಮೂರು ವರ್ಷ ಬರೆದ ಕೈ ಪಟ್ಟಿಯಲ್ಲಿ ಆರು ವರ್ಷಕ್ಕೆ ಕತ್ತರಿಸಿದೆ. ನಿಮಗೆ ಗೊತ್ತಿತ್ತು."

ಹೊರಗೆ ಯಾರೋ ಕಣದಲ್ಲಿ ಕೋಳಿ ಓಡಿಸುತ್ತಿದ್ದ ಸದ್ದು. ಮಾಮ ಕುರ್ಚಿಯಲ್ಲಿ ಕೂತರು.

"ಗೊತ್ತಿತ್ತು," ಎಂದರು. "ಮೊದಲ ದಿನವೇ ಗೊತ್ತಾಯ್ತು. ರೇವತೀನ ಹುಟ್ಟಿದಾಗಿಂದ ನೋಡಿದೀನಿ, ಅವಳಿಗೆಲ್ಲಿಯ ಫಿಟ್ಸು? ತಂಗಮ್ಮ ಅಲ್ಲಿ ನಿಂತು ಸುಳ್ಳು ಹೇಳ್ತಾ ನಡುಗ್ತಿದ್ಲು. ಬಗಲಲ್ಲಿ ಆ ಮಗು. ನಾನು ಎಂಥ ಮಾಡಬೇಕಿತ್ತು? ಮೂಡಿಗೆರೆ ಡಾಕ್ಟ್ರ ಚೀಟಿ ನೋಡ್ದೆ, ಅದೇ ಅಳತೆ ಹಾಕ್ದೆ. ಹೆಸರು ಮಾತ್ರ ಬೇರೆ ಬರ್ಕೊಂಡೆ. ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

"ನಿಮ್ಮ ಮಾಲೀಕರಿಗೆ ಹೇಳಬಹುದಿತ್ತು. ಟ್ರಸ್ಟಿಗೆ ಒಂದು ಕಾಗದ ಬರೀಬಹುದಿತ್ತು."

"ಬರೆದಿದ್ರೆ ನೀವು ಬರ್ತಿದ್ರಿ," ಎಂದರು ಅವರು. "ಬಂದು ಮಗುವನ್ನ ಕರ್ಕೊಂಡು ಹೋಗ್ತಿದ್ರಿ."

ಒಂದು ಗಂಟೆಯ ಜೀಪು ಆಗಲೇ ಹೊರಟಿರಬೇಕು.

ಎರಡನೇ ಸೀಸೆ ತೆಗೆದು ಮೊದಲನೆಯದರ ಪಕ್ಕ ಇಟ್ಟೆ.

ಅವರು ಬೆರಳಿನಿಂದ ಪಟ್ಟಿಯನ್ನು ಮೇಲಿಂದ ಕೆಳಗೆ ತಡವಿದರು. ಕಣ್ಣು ಬೇಕಾಗಲಿಲ್ಲ. ಮೂವತ್ತೆಂಟು ವರ್ಷ ಕಚ್ಚು ಹಾಕಿದ ಬೆರಳು. ಐದನೇ ಕಚ್ಚಿನ ಹತ್ತಿರ ಬೆರಳು ನಿಧಾನವಾಯಿತು. ಎಂಟಕ್ಕೆ ನಿಂತಿತು.

"ಇದು ನನ್ನ ಕತ್ತರಿ ಅಲ್ಲ."

"ಅಲ್ಲ. ನಿಮ್ಮ ಬದಲಿಗೆ ಬಂದ ನರ್ಸಮ್ಮಂದು. ಅವಳದ್ದೇನೂ ತಪ್ಪಿಲ್ಲ. ರಿಜಿಸ್ಟರ್ ತೆಗೆದಳು, ಹದಿಮೂರು ವರ್ಷ ಅಂತ ಇತ್ತು, ಹದಿಮೂರು ವರ್ಷಕ್ಕೆ ಎಷ್ಟೋ ಅಷ್ಟು ಕತ್ತರಿಸಿದಳು. ದಿವ್ಯಾ ಹತ್ತು ಹನ್ನೊಂದು ದಿನದಿಂದ ಮೂರು ಪಟ್ಟು ಕುಡೀತಿದ್ದಾಳೆ. ಎದ್ದು ನಿಲ್ಲೋಕೆ ಆಗ್ತಿಲ್ಲ ಅವಳಿಗೆ."

"ಅಯ್ಯೋ," ಎಂದರು ಮಾಮ. ಬಹಳ ಮೆತ್ತಗೆ. "ಅಯ್ಯೋ ಕೂಸೇ."

ಮೇಡಂ ಹೋಗಿ ಕೂಸು ಬಂದಿತ್ತು. ಮೂವತ್ತು ವರ್ಷದ ಹಿಂದಿನ ಅದೇ ದನಿ. ನನ್ನ ಕಣ್ಣಲ್ಲಿ ನೀರು ಬಂತು, ನಾನು ತಡೆಯಲಿಲ್ಲ.

"ಹೋಗುವಾಗ ಹನ್ನೆರಡು ದಿನಕ್ಕೆ ತುಂಬಿಸಿ ಕೊಟ್ಟು ಹೋಗಿದ್ದೆ," ಅವರು ತಮಗೇ ಹೇಳಿಕೊಳ್ಳುವವರಂತೆ ಹೇಳಿದರು. "ಹತ್ತಕ್ಕೆ ಬಂದ್ಬಿಡ್ತೀನಲ್ಲ ಅಂತ. ಆ ನರ್ಸಿಗೆ ಹೇಳಿದ್ರೆ ಗುಟ್ಟು ಹೊರಗೆ ಬೀಳ್ತದೆ ಅಂತ ಹೇಳಲಿಲ್ಲ. ಆಸ್ಪತ್ರೆ ಮಂಚದ ಮೇಲೆ ಮಲಗಿ ದಿನಾ ಎಣಿಸ್ತಿದ್ದೆ. ಔಷಧಿ ಮುಗಿದು ಮಗುವಿಗೆ ಫಿಟ್ಸ್ ಬಂದಿರ್ತದೋ ಏನೋ ಅಂತ ಹೆದರಿದ್ದೆ. ಹೀಗಾಗ್ತದೆ ಅಂತ ತಲೆಗೇ ಹೊಳೀಲಿಲ್ಲ."

"ಈಗ ಎಂಥ ಮಾಡಬೇಕು?"

ಕೇಳಿದ್ದೇ ತಡ, ಮಾಮ ಮತ್ತೆ ಕಂಪೌಂಡರಾದರು. ಎದ್ದು ಔಷಧಿಯ ಚೀಟಿ ಬರೆಯತೊಡಗಿದರು. "ಈಗಲೇ ಮೂಡಿಗೆರೆ ದೊಡ್ಡಾಸ್ಪತ್ರೆಗೆ. ಸೀಸೆ ಸಮೇತ. ಡಾಕ್ಟರು ನೋಡಿ ಹೇಳುವ ತನಕ ಕೊಡೋದೂ ಅಪಾಯ, ಪೂರ್ತಿ ನಿಲ್ಲಿಸೋದೂ ಅಪಾಯ. ಎಷ್ಟು ದಿನ, ಎಷ್ಟು ಅಳತೆ ಎಲ್ಲ ಬರೆದು ಕೊಡ್ತೀನಿ. ನನ್ನ ಹೆಸರೂ ಹಾಕ್ತೀನಿ. ಮುಚ್ಚಿಡೋದು ಸಾಕು. ಎಸ್ಟೇಟ್ ಜೀಪು ಕಾಫಿ ಹಾಕೋಕೆ ಚಿಕ್ಕಮಗಳೂರಿಗೆ ಹೋಗಿದೆ. ಗಾಡಿ ಉಂಟಾ ನಿಂಗೆ?"

"ಟ್ರಸ್ಟಿನ ಜೀಪು ಬರ್ತಾ ಇದೆ," ಎಂದೆ. ಮಗುವನ್ನು ಎತ್ತಿಕೊಂಡು ಇಲ್ಲಿಗೆ ಬರುವಂತೆ ತಂಗಮ್ಮನಿಗೆ ಹೇಳಲು ಕಣದ ಹೆಂಗಸೊಬ್ಬಳನ್ನು ಓಡಿಸಿದೆ.

ಮಗುವನ್ನು ಕಿತ್ತುಕೊಂಡು ಹೋಗಲು ಹೊರಟ ಜೀಪು ಅದನ್ನು ಉಳಿಸಲು ಒದಗಲಿ ಎಂದುಕೊಂಡೆ. ತಮ್ಮಯ್ಯನವರನ್ನು ಒಪ್ಪಿಸುವುದು ಕಷ್ಟವಾಗಲಾರದು. ಒರಟು ಮನುಷ್ಯ, ಕೆಟ್ಟವರಲ್ಲ. ತಂಗಮ್ಮನ ಮೇಲಿನ ದೂರು ಬೀಳುತ್ತದೆ. ದಿವ್ಯಾ ವಾಪಸು ಬರುತ್ತಾಳೆ. ಇನ್ನೇನು ಕೇಸು ಮುಗಿದ ಹಾಗೆ ಅಂತ ನನಗನ್ನಿಸಿತು. ಆಗ ಮಾಮ ಚೀಟಿ ಬರೆಯುವುದನ್ನು ನಿಲ್ಲಿಸಿದ್ದನ್ನು ನೋಡಿದೆ.

ಅವರ ಒಂದು ಕಣ್ಣು ಮೇಜಿನ ಮೇಲಿನ ರಿಜಿಸ್ಟರನ್ನು ನೋಡುತ್ತಿತ್ತು.

"ಮಾಮ," ಎಂದೆ. "ತಂಗಮ್ಮ ಒಬ್ಬಳೇ ತಾನೇ?"

ಅವರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಮಾಮ, ಹೆಸರು ಸಾಲ ತಂದವರು ಇನ್ನೆಷ್ಟು ಜನ?"

"ಎಲ್ಲ ಸೇರಿ ಮೂರು ಮನೆ," ಎಂದರು. "ಕೆಳಗಿನ ಲೈನಲ್ಲಿ ರಕ್ಷಾ ಅಂತ ಒಂದು ಮಗು. ಅದು ಕೆಮ್ಮಿನ ಔಷಧಿ, ಮಳೆಗಾಲಕ್ಕೇ ಮುಗೀತು. ನಿನ್ನೆ ನೋಡ್ದೆ, ಚೆನ್ನಾಗಿದೆ."

"ಇನ್ನೊಂದು?"

"ಮೇಲಿನ ಡಿವಿಷನ್ನು. ಹೊರನಾಡು ದಾರೀಲಿ, ದಾಸಯ್ಯನ ಮನೆ. ಮೋಹಿತ್. ನಾಲ್ಕು ವರ್ಷ. ಅದಕ್ಕೂ ಇದೇ ಫಿಟ್ಸ್ ಮಿಕ್ಸ್ಚರ್."

ದಾಸಯ್ಯ ನನಗೆ ಗೊತ್ತಿದ್ದವನೇ. ಮಕ್ಕಳಿಲ್ಲದ ಗಂಡ ಹೆಂಡತಿ. ಮೋಹಿತನನ್ನು ಆ ಮನೆಗೆ ಒಪ್ಪಿಸಿ ಬಂದವಳು ನಾನೇ. ಮಗುವನ್ನು ಕೈಗೆ ಕೊಟ್ಟಾಗ ದಾಸಯ್ಯ ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದ.

"ಅವರಿಗೆ ಹೆತ್ತ ಮಕ್ಕಳಿಲ್ಲ," ಎಂದೆ. "ಯಾರ ಹೆಸರಲ್ಲಿ ಬರ್ಕೊಂಡ್ರಿ?"

ಮಾಮ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಬೆರಳಿಟ್ಟು ತೋರಿಸಿದರು.

ದಾಸಯ್ಯ, ನಲವತ್ತೊಂದು ವರ್ಷ, ಮೇಲಿನ ಡಿವಿಷನ್. ಅದರ ಕೆಳಗೆ ಹೊಸ ನರ್ಸಿನ ಅಚ್ಚುಕಟ್ಟು ಅಕ್ಷರ. ದೊಡ್ಡವರ ಅಳತೆ. ಕಚ್ಚು ನಾಲ್ಕು. ಒಂಬತ್ತು ದಿನದ ಹಿಂದಿನ ತಾರೀಕು.

"ಇದರ ಮುಂದೆ ಎರಡನೇ ಸೀಸೆಗೆ ಅವರು ಬಂದೇ ಇಲ್ಲ," ಎಂದೆ. "ನಾಲ್ಕು ಕಚ್ಚಿನದು ಎರಡು ದಿನಕ್ಕೆ ಮುಗೀಬೇಕಿತ್ತು."

"ದಾಸಯ್ಯ ಸೋಮವಾರದಿಂದ ಮಸ್ಟರಿಗೂ ಬಂದಿಲ್ಲ," ಎಂದರು ಮಾಮ. "ಬೆಳಿಗ್ಗೆ ಮೇಸ್ತ್ರಿ ಬೈಕೊಳ್ತಿದ್ದ, ಕೊಯ್ಲಿನ ಟೈಮಲ್ಲಿ ಕೈ ಕೊಟ್ಟ ಅಂತ."

ಅಷ್ಟರಲ್ಲಿ ಕಣದ ಹತ್ತಿರ ಹಾರನ್ ಕೇಳಿಸಿತು. ತಮ್ಮಯ್ಯನವರು ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಕೆಂಪು ಧೂಳು ಹಾರಿಸುತ್ತಾ ಜೀಪು ಡಿಸ್ಪೆನ್ಸರಿಯ ಮುಂದೆ ನಿಂತಿತು. ನಾನು ಓಡಿ ಹೋಗಿ, ನಿಂತ ಕಾಲಲ್ಲೇ ಎಲ್ಲವನ್ನೂ ಹೇಳಿದೆ. ಹೆಸರು ಸಾಲ ಕೊಟ್ಟಿದ್ದು, ಕಚ್ಚು, ನರ್ಸು, ದಿವ್ಯಾ, ಮೋಹಿತ್.

ಅವರು ನಡುವೆ ಬಾಯಿ ಹಾಕದೆ ಕೇಳಿದರು. ಅದು ಅವರ ದೊಡ್ಡ ಗುಣ.

"ಜೀಪು ಒಂದೇ ಇರೋದು," ಎಂದರು ಕೊನೆಗೆ. "ಮೂಡಿಗೆರೆ ಈ ಕಡೆ, ಮೇಲಿನ ಡಿವಿಷನ್ ಆ ಕಡೆ. ಅಲ್ಲಿ ಹೋಗಿ ಬರೋಕೆ ಎರಡು ಗಂಟೆ ಬೇಕು. ಇಲ್ಲಿರೋ ಮಗು ಏಳ್ತಿಲ್ಲ ಅಂತೀರಿ."

"ಏಳ್ತಿಲ್ಲ."

"ಹಾಗಾದ್ರೆ ಮೊದಲು ಇದನ್ನ ಆಸ್ಪತ್ರೆಗೆ ಹಾಕುವ. ದಾಸಯ್ಯ ಔಷಧಿ ಕೊಟ್ಟೇ ಇಲ್ಲವೋ ಏನೋ. ಏನಾದ್ರೂ ಆಗಿದ್ರೆ ಅಕ್ಕಪಕ್ಕದವರು ಸುಮ್ನಿರ್ತಿದ್ರಾ? ತಂಗಮ್ಮನ ಮೇಲೆ ದೂರು ಬಂತಲ್ಲ, ಹಾಗೆ ಅವನ ಮೇಲೂ ಬರ್ತಿತ್ತು. ಆ ಮಗು ಬಗ್ಗೆ ಯಾರೂ ದೂರು ಕೊಟ್ಟಿಲ್ಲವಲ್ಲ ಮೇಡಂ?"

ತಂಗಮ್ಮ ದಿವ್ಯಾಳನ್ನು ಹೆಗಲ ಮೇಲೆ ಹಾಕಿಕೊಂಡು ಓಕ್ ಮರಗಳ ಕೆಳಗೆ ಓಡಿ ಬರುತ್ತಿದ್ದಳು. ಅವಳಿಗಿಂತ ಬಹಳ ಮುಂದೆ ರೇವತಿ. ಎಷ್ಟು ಚೆನ್ನಾಗಿ ಓಡುತ್ತಿದ್ದಳು ಆ ಹುಡುಗಿ.

ನಾನು ಬ್ಯಾಗಿನ ಬಾಯಿ ಬಿಚ್ಚಿದೆ. ಆ ವಾರ ಮೇಜಿನ ಮುಂದೆ ಕೂತು ಮುಗಿಸಿದ ಮೂರು ಫೈಲು ಒಂದರ ಮೇಲೊಂದು ಇದ್ದವು. ಮೇಲಿನದನ್ನು ತೆಗೆದೆ. ಹೊರನಾಡು ದಾರಿಯ ಅಂಗನವಾಡಿ ಟೀಚರ್ ಕಳಿಸಿದ ದೂರು. ಮೋಹಿತ್ ಎಂಬ ಮಗು ನಾಲ್ಕೈದು ದಿನದಿಂದ ಬರುತ್ತಿಲ್ಲ, ಮನೆಯವರು ಬಾಗಿಲು ತೆಗೆಯುತ್ತಿಲ್ಲ, ದಯವಿಟ್ಟು ಬಂದು ನೋಡಿ.

"ಕೊಟ್ಟಿದ್ದಾರೆ ಸಾರ್," ಎಂದು ಫೈಲನ್ನು ತಮ್ಮಯ್ಯನವರ ಕೈಗಿಟ್ಟೆ.

ಅವರು ದೂರನ್ನು ಓದಿದರು. ಆಮೇಲೆ ಅದರ ಕೆಳಗೆ ಮೂರು ದಿನದ ಹಿಂದೆ ನಾನು ನನ್ನ ಕೈಯಾರೆ ಬರೆದು, ಸಹಿ ಹಾಕಿದ್ದನ್ನು ಓದಿದರು.

'ಇದು ಕಾಫಿ ಕೊಯ್ಲಿನ ಕಾಲ. ಮಗುವನ್ನು ತೋಟಕ್ಕೆ ಕರೆದುಕೊಂಡು ಹೋಗುತ್ತಿರಬೇಕು. ಭೇಟಿಯ ಅಗತ್ಯವಿಲ್ಲ. ದೂರು ಮುಕ್ತಾಯ.'